ಪದಚರ್ಚೆ: ಹಳೆಯ ಔಷಧದ 'ಮರುಬಳಕೆ' ಅನ್ನಬಹುದೇ?

ಗೆಳೆಯರೇ,

ಒಂದು ಕಾಯಿಲೆಗೆಂದು ಬಂದ ಔಷಧವನ್ನು ಬೇರೊಂದು ಕಾಯಿಲೆಗೆ ಕೊಟ್ಟು ನೋಡುವುದಕ್ಕೆ ವೈದ್ಯರು 'ಡ್ರಗ್ ರೀಪರ್ಪಸಿಂಗ್' ಅನ್ನುತ್ತಾರೆ. ಇದನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆ್ಯಂಟಿಬಯೋಟಿಕ್‌ಗಳು ಉಪಯೋಗಕ್ಕೆ ಬರುತ್ತವೆಯೇ ಎಂದು ಲ್ಯಾಬುಗಳಲ್ಲಿ ಹುಡುಕಾಟ ನಡೆದಿದೆ. ಅದರ ಬಗ್ಗೆ ರೋಗಿಗಳ ಮನೆಯವರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ತಲೆಬರಹದ ಹತ್ತಿರವೇ ಪೆನ್ನು ನಿಂತಿದೆ.

ಮೊದಲು ಬಾಯಿಗೆ ಬರುವುದು 'ಮರುಬಳಕೆ'. ನನಗೆ ಇದು ಬೇಡವೇ ಬೇಡ ಅನಿಸುತ್ತದೆ. ಪ್ಲಾಸ್ಟಿಕ್ ಬಾಟಲಿ ನೆನಪಾಗುತ್ತದೆ ಅನ್ನುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಬೇರೆಯೇ ಇದೆ. ಹಿಂದಿನ ಸಲದ ಜ್ವರಕ್ಕೆ ತಂದು ಉಳಿದ ಮಾತ್ರೆಯನ್ನು ಈ ಸಲ ಮತ್ತೆ ನುಂಗುವುದೂ ಮರುಬಳಕೆಯೇ ಅಲ್ವಾ? ಆ್ಯಂಟಿಬಯೋಟಿಕ್ ವಿಷಯದಲ್ಲಿ ಜನ ಮಾಡಬಾರದು ಎಂದು ನಾವು ಕೇಳಿಕೊಳ್ಳುವುದೇ ಇದನ್ನು. ಬೇಕಾಬಿಟ್ಟಿ ನುಂಗಿದರೆ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುತ್ತವೆ. 'ಆ್ಯಂಟಿಬಯೋಟಿಕ್ ಮರುಬಳಕೆ' ಎಂಬ ತಲೆಬರಹ ಓದಿದವರ ಕೈ ಸೀದಾ ಔಷಧದ ಡಬ್ಬಿಗೆ ಹೋದರೆ ಅವರನ್ನು ಬೈಯುವಂತಿಲ್ಲ.

'ಪರ್ಯಾಯ ಬಳಕೆ' ಅಂದರೆ ಪರ್ಯಾಯ ಚಿಕಿತ್ಸೆಯ ಕಡೆಗೆ ಮನಸ್ಸು ಎಳೆಯುತ್ತದೆ. ಆಪರೇಷನ್, ರೇಡಿಯೇಷನ್ ಬಿಟ್ಟು ಇದನ್ನೇ ತಗೊಳ್ಳಬಹುದೇನೋ ಅನಿಸಿಬಿಡುತ್ತದೆ. 'ಮರುಉದ್ದೇಶೀಕರಣ'ದ ಬಗ್ಗೆ ಹೇಳುವುದೇನೂ ಇಲ್ಲ, ಓದಿದವರಿಗೆ ಅದು ಏನನ್ನೂ ತಿಳಿಸುವುದಿಲ್ಲ. 'ಮರುನಿಯೋಜನೆ' ಅರ್ಥದಲ್ಲಿ ಹತ್ತಿರ ಬರುತ್ತದೆ, ಆದರೆ ವರ್ಗಾವಣೆ ಆದೇಶ ಓದಿದ ಹಾಗಿರುತ್ತದೆ.

ಕೊನೆಗೆ ನನ್ನ ಮುಂದೆ ಉಳಿದಿರುವುದು ಎರಡು: 'ಹೊಸ ಕೆಲಸ' ಮತ್ತು 'ಹೊಸ ಬಳಕೆ'. ಎರಡೂ ಒಂದೇ ಎಂದು ಮೇಲುನೋಟಕ್ಕೆ ಕಾಣುತ್ತದೆ. ಪ್ರಾಸ್ಟೇಟ್ ವಿಷಯಕ್ಕೆ ಬಂದರೆ ಎರಡರ ನಡುವೆ ನಿಜವಾದ ಅಂತರವಿದೆ. ನನಗೆ ಮುಖ್ಯ ಅನಿಸಿದ್ದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್‌ನ ಉದಾಹರಣೆ ನೋಡಿ. ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್ ಇರುತ್ತದೆ. ಈ ಔಷಧ ಅದಕ್ಕೆ ಅಂಟಿಕೊಂಡು ತಯಾರಿಕೆ ನಿಲ್ಲಿಸುತ್ತದೆ. ನಮ್ಮ ಜೀವಕೋಶಗಳ ಒಳಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳ ಮೂಲಪುರುಷರೂ ಬ್ಯಾಕ್ಟೀರಿಯಾಗಳೇ. ಅವುಗಳ ರೈಬೋಸೋಮ್ ಇಂದಿಗೂ ಬ್ಯಾಕ್ಟೀರಿಯಾದ್ದನ್ನು ಹೋಲುತ್ತದೆ. ಹಾಗಾಗಿ ಪ್ರಮಾಣ ಜಾಸ್ತಿ ಮಾಡಿದಾಗ ಡಾಕ್ಸಿಸೈಕ್ಲಿನ್ ಅಲ್ಲಿಯೂ ಅಡ್ಡಗಾಲು ಹಾಕುತ್ತದೆ. ಶಕ್ತಿಗಾಗಿ ಮೈಟೋಕಾಂಡ್ರಿಯಾವನ್ನೇ ಹೆಚ್ಚಾಗಿ ನೆಚ್ಚಿಕೊಂಡ ಕ್ಯಾನ್ಸರ್ ಕೋಶಗಳನ್ನು ಈ ದಾರಿಯಲ್ಲಿ ಸೊರಗಿಸಬಹುದೇ ಎನ್ನುವುದು ಪ್ರಶ್ನೆ. ಇಲ್ಲಿ ಔಷಧದ ಗುರಿ ಬ್ಯಾಕ್ಟೀರಿಯಾ ಅಲ್ಲ, ನಮ್ಮದೇ ಕೋಶ. ಇದನ್ನು 'ಹೊಸ ಕೆಲಸ' ಅನ್ನಬಹುದು.

ಸಿಪ್ರೊಫ್ಲಾಕ್ಸಸಿನ್ ಕೂಡ ಇದೇ ಸಾಲಿನದು. ಪ್ರಾಸ್ಟೇಟ್ ಗ್ರಂಥಿಯೊಳಗೆ ಅದು ಚೆನ್ನಾಗಿ ಇಳಿಯುತ್ತದೆ, ಆದ್ದರಿಂದಲೇ ಅಲ್ಲಿನ ಸೋಂಕಿಗೆ ಅದನ್ನು ಬರೆದುಕೊಡುತ್ತಾರೆ. ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿಯನ್ನು ನಿಭಾಯಿಸುವ ಕಿಣ್ವವನ್ನು ಅದು ತಡೆಯುತ್ತದೆ. ಮನುಷ್ಯರಲ್ಲೂ ಅದೇ ಬಳಗದ ಕಿಣ್ವವಿದೆ, ಆದರೆ ಅದನ್ನು ತಡೆಯಲು ತುಂಬಾ ಹೆಚ್ಚು ಪ್ರಮಾಣ ಬೇಕು. ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ಅಷ್ಟು ಸುರಿಯುವುದು ಸುಲಭ. ಮಾತ್ರೆ ನುಂಗಿ ರಕ್ತದಲ್ಲಿ ಅಷ್ಟು ತರುವುದು ಬೇರೆ ಮಾತು.

ಈಗ ಇನ್ನೊಂದು ದಾರಿ ನೋಡಿ. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದಕ್ಕೆ ಪುರುಷ ಹಾರ್ಮೋನು ಬೇಕು ಎನ್ನುವುದನ್ನು 1941ರಲ್ಲಿ ವೈದ್ಯ ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟರು. ಅಂದಿನಿಂದ ಹಾರ್ಮೋನನ್ನು ತಗ್ಗಿಸುವುದೇ ಮುಂದುವರಿದ ಹಂತದ ಚಿಕಿತ್ಸೆಯ ಬುನಾದಿ. 2021ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, ಹಾರ್ಮೋನು ತಗ್ಗಿಸಿದ ಇಲಿಗಳ ಕರುಳಿನ ಕೆಲವು ಬ್ಯಾಕ್ಟೀರಿಯಾಗಳೇ ಆ ಹಾರ್ಮೋನನ್ನು ತಯಾರಿಸಿ ಗೆಡ್ಡೆಗೆ ಒದಗಿಸುತ್ತಿದ್ದುದು ಕಂಡಿತು. ಆ್ಯಂಟಿಬಯೋಟಿಕ್ ಕೊಟ್ಟು ಅವನ್ನು ಕೊಂದಾಗ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು. ಇಲ್ಲಿ ಔಷಧ ಮಾಡಿದ್ದು ಅದೇ ಹಳೆಯ ಕೆಲಸ, ಬ್ಯಾಕ್ಟೀರಿಯಾ ಕೊಲ್ಲುವುದು. ಬಳಕೆ ಮಾತ್ರ ಹೊಸದು. ಆದ್ದರಿಂದ ಎರಡು ದಾರಿಗೂ ಒಪ್ಪುವ ಮಾತು 'ಹೊಸ ಬಳಕೆ'ಯೇ ಎನ್ನುವುದು ನನ್ನ ಅಭಿಪ್ರಾಯ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಥಾಲಿಡೊಮೈಡ್ ವಿಷಯದಲ್ಲಿ 'ಹೊಸ ಬಳಕೆ' ಅನ್ನುವುದಕ್ಕೆ ಅಡ್ಡಿಯಿಲ್ಲ. 1957ರಲ್ಲಿ ನಿದ್ದೆಗೆಂದು ಮಾರಾಟಕ್ಕೆ ಬಂತು. ಬಸುರಿಯರು ತಗೊಂಡು ಮಕ್ಕಳ ಕೈಕಾಲು ಊನವಾದ ಮೇಲೆ 1961ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಹೋಯಿತು. 2006ರಲ್ಲಿ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ಬಳಕೆ ಆಗಿಹೋದ ಸಂಗತಿ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆ್ಯಂಟಿಬಯೋಟಿಕ್ ಹಾಗಲ್ಲ. ಅದಿನ್ನೂ ಕೋಶ, ಇಲಿ, ಪ್ರಯೋಗಗಳ ಹಂತದಲ್ಲಿದೆ. ಬರೀ 'ಹೊಸ ಬಳಕೆ' ಅಂದರೆ ಆಗಲೇ ಕೊಡುತ್ತಿದ್ದಾರೆ ಎಂದಾಗುತ್ತದೆ.

'ಸಂಭಾವ್ಯ ಚಿಕಿತ್ಸೆ' ಎಂದು ಬರೆದರೆ ಸಾಲದೇ ಎಂದು ಕೇಳುತ್ತೀರಿ. ಸಾಲದು. ಓದುವಾಗ 'ಸಂಭಾವ್ಯ' ಜಾರಿಹೋಗಿ 'ಚಿಕಿತ್ಸೆ' ಮಾತ್ರ ನಿಲ್ಲುತ್ತದೆ. ನಮ್ಮ ವಾಕ್ಯದ ಭಾರ ಬೀಳುವುದು ಕೊನೆಯ ಕ್ರಿಯಾಪದದ ಮೇಲೆ. ಅನುಮಾನವನ್ನೂ ಅಲ್ಲೇ ಇಡಬೇಕು: 'ಚಿಕಿತ್ಸೆ ಆದೀತೇ?', 'ಕೆಲಸಕ್ಕೆ ಬರಬಹುದೇ?' ಹೀಗೆ.

ಇಷ್ಟು ಹಟ ಯಾಕೆಂದರೆ, ಪಿಎಸ್‌ಎ ಪರೀಕ್ಷೆಯಲ್ಲಿ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವುದು) ಅಂಕಿ ಏರಿದಾಗ ಸೋಂಕಿನ ಅನುಮಾನವಿದ್ದರೆ ವೈದ್ಯರು ಆ್ಯಂಟಿಬಯೋಟಿಕ್ ಕೊಡುವುದುಂಟು. ಸೋಂಕು ವಾಸಿಯಾದಾಗ ಅಂಕಿ ಇಳಿಯಲೂಬಹುದು. ಹಾಗೆ ಇಳಿದದ್ದು ಸೋಂಕಿನಿಂದ ಏರಿದ್ದ ಪಾಲು. ಕ್ಯಾನ್ಸರ್ ಇಲ್ಲ ಎನ್ನುವುದಕ್ಕಾಗಲಿ, ಹೋಯಿತು ಎನ್ನುವುದಕ್ಕಾಗಲಿ ಅದು ಸಾಕ್ಷಿಯಲ್ಲ. ನಮ್ಮ ತಲೆಬರಹ ಸಡಿಲವಾಗಿದ್ದರೆ ಆ ತಲೆಬರಹವನ್ನೂ ಅಂಕಿ ಇಳಿದದ್ದನ್ನೂ ಸೇರಿಸಿ ನೋಡಿ ಯಾರಾದರೂ ಮುಂದಿನ ತಪಾಸಣೆ ಬಿಟ್ಟುಬಿಡಬಹುದು. ಅದು ನನಗೆ ನಿಜಕ್ಕೂ ಭಯ ತರುತ್ತದೆ.

ಇನ್ನೊಂದು ಪದ ಬಾಕಿ ಇದೆ, ಆ್ಯಂಟಿಬಯೋಟಿಕ್‌ಗೆ ಕನ್ನಡದಲ್ಲಿ ಬರೆಯುವ 'ಪ್ರತಿಜೀವಕ'. ಕ್ಯಾನ್ಸರ್ ವಿಭಾಗದಲ್ಲಿ ಡಾಕ್ಸೊರುಬಿಸಿನ್, ಬ್ಲಿಯೊಮೈಸಿನ್ ಎಂಬ ಕ್ಯಾನ್ಸರ್ ಔಷಧಗಳನ್ನೂ ಆ್ಯಂಟಿಬಯೋಟಿಕ್ ಗುಂಪಿಗೆ ಸೇರಿಸುತ್ತಾರೆ, ಯಾಕೆಂದರೆ ಅವು ಹುಟ್ಟಿದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳಿಂದ. ಆದರೆ ಅವನ್ನು ಯಾರೂ ಸೋಂಕಿಗೆ ಕೊಡುವುದಿಲ್ಲ. ಅತ್ತ ಸಿಪ್ರೊಫ್ಲಾಕ್ಸಸಿನ್ ಪೂರ್ತಿ ಕಾರ್ಖಾನೆಯಲ್ಲಿ ಹುಟ್ಟಿದ್ದು, ಸೋಂಕಿಗೆ ಕೊಡುವಂಥದ್ದು. ಎರಡಕ್ಕೂ 'ಪ್ರತಿಜೀವಕ' ಅಂದರೆ ಗೋಜಲು. ಕೀಟೊಕೊನಜೋಲ್ ಮೂರನೇ ಬಗೆ. ಅದು ಶಿಲೀಂಧ್ರಕ್ಕೆ ಕೊಡುವ ಔಷಧ. ಹೆಚ್ಚಿನ ಪ್ರಮಾಣದಲ್ಲಿ ಪುರುಷ ಹಾರ್ಮೋನಿನ ತಯಾರಿಕೆ ತಡೆಯುವುದರಿಂದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬಹಳ ಕಾಲ ಬಳಕೆಯಲ್ಲಿತ್ತು. ಹಾಗಾಗಿ ನನ್ನ ಬರಹದಲ್ಲಿ 'ಸೋಂಕಿನ ಔಷಧ' ಎಂದೇ ಇಡೋಣ ಅಂದುಕೊಂಡಿದ್ದೇನೆ.

ಸದ್ಯದ ತಲೆಬರಹ ಹೀಗಿದೆ: 'ಸೋಂಕಿನ ಔಷಧಗಳು ಪ್ರಾಸ್ಟೇಟ್ ಕ್ಯಾನ್ಸರ್‌ಗೂ ಬಳಕೆಗೆ ಬಂದಾವೇ?' 'ಬಂದಾವೇ' ಎಲ್ಲ ಕಡೆಯ ಓದುಗರಿಗೂ ಸಲೀಸಾಗಿ ಹಿಡಿಸುತ್ತದೆಯೇ, ಅಥವಾ 'ಬರಬಹುದೇ' ಅನ್ನುವುದೇ ವಾಸಿಯೇ? ಔಷಧದಂಗಡಿಯಲ್ಲಿ, ಆಸ್ಪತ್ರೆಯಲ್ಲಿ ದಿನವೂ ರೋಗಿಗಳ ಜೊತೆ ಕನ್ನಡದಲ್ಲಿ ಮಾತಾಡುವವರು ಇದನ್ನು ಹೇಗೆ ಹೇಳುತ್ತೀರಿ, ದಯವಿಟ್ಟು ತಿಳಿಸಿ.