ಎಡಕ್ಕೆ ಗುಡ್ಡೆಯಾದ ಹಿಸ್ಟೋಗ್ರಾಂ: ನನ್ನ ಯಕ್ಷಗಾನದ ಚಿತ್ರ ಕತ್ತಲಾಗಿದೆಯೇ?

ಪ್ರಶ್ನೆ: ನಮಸ್ಕಾರ ಸರ್. ಕಳೆದ ವಾರ ನಮ್ಮೂರಿನ ಬಯಲಾಟದಲ್ಲಿ ಬಣ್ಣದ ವೇಷದ ಪ್ರವೇಶವನ್ನು ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಸೆರೆಹಿಡಿದೆ. ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮ್‌ನಲ್ಲಿ ತೆರೆದಾಗ, ಚಿತ್ರದ ಹೊಳಪಿನ ನಕ್ಷೆಯಾದ ಹಿಸ್ಟೋಗ್ರಾಂ ಪೂರ್ತಿ ಎಡಕ್ಕೆ ಗುಡ್ಡೆಯಾಗಿತ್ತು. ಗುಡ್ಡೆ ನಡುವಿನಲ್ಲಿರಬೇಕು ಎಂದು ಕೇಳಿದ್ದರಿಂದ ಎಕ್ಸ್‌ಪೋಷರ್ ಎರಡು ಸ್ಟಾಪ್, ಅಂದರೆ ಬೆಳಕನ್ನು ನಾಲ್ಕು ಪಟ್ಟು, ಏರಿಸಿದೆ. ಈಗ ಮುಖದ ಚುಟ್ಟಿಯೆಲ್ಲ (ಬಣ್ಣಗಾರಿಕೆಯ ಬಿಳಿ ಮುಳ್ಳುಗಳು) ಬಿಳಿ ಮುದ್ದೆಯಾಗಿದೆ, ಹಿಂದಿನ ಕತ್ತಲು ಬೂದಿ ಬಣ್ಣವಾಗಿ ಮರಳು ಚೆಲ್ಲಿದಂತಿದೆ. ತಪ್ಪಿದ್ದೆಲ್ಲಿ?

ಉತ್ತರ: ತಪ್ಪಿದ್ದು ನಿಮಗೆ ಸಿಕ್ಕ ಸಲಹೆ. ಹಿಸ್ಟೋಗ್ರಾಂ ಬರೀ ಒಂದು ಲೆಕ್ಕ. ಎಡತುದಿ ಅಚ್ಚ ಕಪ್ಪು, ಅಂದರೆ 0. ಬಲತುದಿ ಅಚ್ಚ ಬಿಳಿ, 255. ಯಾವ ಹೊಳಪಿನ ಪಿಕ್ಸೆಲ್‌ಗಳು ಎಷ್ಟಿವೆ ಎಂಬುದನ್ನು ಎತ್ತರ ತೋರಿಸುತ್ತದೆ. ಅವು ಚಿತ್ರದ ಯಾವ ಮೂಲೆಯಲ್ಲಿವೆ, ಅವುಗಳಲ್ಲಿ ಮುಖ್ಯವಾದುದು ಯಾವುದು ಎಂಬುದು ಅದಕ್ಕೆ ತಿಳಿಯದು. ನಿಮ್ಮ ಚೌಕಟ್ಟಿನ ಬಹುಪಾಲು ರಾತ್ರಿ. ರಾತ್ರಿ ಎಡಕ್ಕೇ ಇರಬೇಕು. ಆಗುಂಬೆಯ ಮಂಜಿನ ಚಿತ್ರ ತೆಗೆದರೆ ನಡುವೆ ಕಿರಿದಾದ ದಿಬ್ಬ ಬರುತ್ತದೆ, ಅದೂ ಸರಿಯೇ.

ಗುಡ್ಡೆಯನ್ನು ಬಿಟ್ಟು ಬಲಗಡೆಗೆ ನೆಲಕ್ಕೆ ಅಂಟಿದಂತೆ ಸಾಗುವ ತೆಳುಗೆರೆಯನ್ನು ನೋಡಿ. ವೇಷಧಾರಿಯ ಮುಖ ಇರುವುದು ಅಲ್ಲಿ. ಆ ಗೆರೆ ಬಲಗೋಡೆಗೆ ಮುಟ್ಟುವ ಮೊದಲೇ ಇಳಿದರೆ ಚುಟ್ಟಿಯ ಒಂದೊಂದು ಮುಳ್ಳೂ ಉಳಿದಿದೆ. ಗೋಡೆಗೆ ಒತ್ತಿಕೊಂಡು ಕಂಬದಂತೆ ನಿಂತರೆ ಹೋಗಿದೆ. ಲೈಟ್‌ರೂಮ್‌ನ ಡೆವಲಪ್ ಭಾಗದಲ್ಲಿ ಜೆ ಕೀಲಿಯನ್ನು ಒತ್ತಿ: ಬೆಳಕು ಸುಟ್ಟ ಜಾಗ ಕೆಂಪಾಗಿ, ಕತ್ತಲಲ್ಲಿ ಮುಳುಗಿದ ಜಾಗ ನೀಲಿಯಾಗಿ ಕಾಣುತ್ತದೆ. ರಂಗಸ್ಥಳದ ಬಲ್ಬ್ ಕೆಂಪಾದರೆ ಬಿಟ್ಟುಬಿಡಿ, ಅದು ಬೆಳಕಿನ ಮೂಲ. ಮುಖದ ಮೇಲೆ ಕೆಂಪು ಬಂದರೆ ಎಕ್ಸ್‌ಪೋಷರ್ ಇಳಿಸಿ.

ಮರುಪ್ರಶ್ನೆ: ಇಳಿಸಿದೆ, ಚುಟ್ಟಿ ಮರಳಿ ಬಂತು! ಆದರೆ ಕೆಂಪು ಬಟ್ಟೆಯ ನೆರಿಗೆಗಳು ಕಾಣುತ್ತಿಲ್ಲ, ಬಣ್ಣ ಬಳಿದ ಹಲಗೆಯಂತಿದೆ. ಹಿಸ್ಟೋಗ್ರಾಂನ ಬಲಮೂಲೆಯ ತ್ರಿಕೋನವೂ ಕೆಂಪಾಗಿದೆ.

ಉತ್ತರ: ಆ ತ್ರಿಕೋನ ಬಿಳಿಯಾದರೆ ಕೆಂಪು, ಹಸಿರು, ನೀಲಿ ಎಂಬ ಮೂರೂ ಬಣ್ಣದ ವಾಹಿನಿಗಳು ಗೋಡೆ ಮುಟ್ಟಿವೆ ಎಂದರ್ಥ, ಕೆಂಪಾದರೆ ಕೆಂಪು ವಾಹಿನಿ ಮಾತ್ರ. ಹಳದಿ ಬೆಳಕಿನಲ್ಲಿ ಕೆಂಪು ಬಟ್ಟೆಗೆ ಸದಾ ಈ ಅಪಾಯವಿದೆ. ಒಟ್ಟು ಹೊಳಪು ಹಿತವಾಗಿಯೇ ಇರುತ್ತದೆ, ಆದರೆ ನೆರಿಗೆಯ ಏರಿಳಿತವನ್ನು ಹೊತ್ತ ಕೆಂಪು ತುಂಬಿ ಹರಿದಿರುತ್ತದೆ. ವೈಟ್ ಬ್ಯಾಲೆನ್ಸನ್ನು ತುಸು ತಂಪು (ನೀಲಿಯ ಕಡೆಗೆ) ಮಾಡಿ, ಕೆಂಪಿನ ಸ್ಯಾಚುರೇಷನ್ (ಬಣ್ಣದ ಗಾಢತೆ) ಇಳಿಸಿ. ರಾ ಕಡತವಾದ್ದರಿಂದ ನೆರಿಗೆಗಳು ಮರಳುವ ಸಾಧ್ಯತೆ ಇದೆ. ಮುಂದಿನ ಆಟಕ್ಕೆ ಕ್ಯಾಮೆರಾದಲ್ಲೇ ಮೂರು ಬಣ್ಣಗಳ ಹಿಸ್ಟೋಗ್ರಾಂ ಆಯ್ದುಕೊಳ್ಳಿ. ನೀವು ರಾ ತೆಗೆದರೂ ಕ್ಯಾಮೆರಾ ಸಾಮಾನ್ಯವಾಗಿ ತೋರಿಸುವುದು ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿದ ಜೆಪೆಗ್ ಮುನ್ನೋಟದ ಹಿಸ್ಟೋಗ್ರಾಂ. ಹಾಗಾಗಿ ಅಲ್ಲಿ ಸುಟ್ಟಂತೆ ಕಂಡದ್ದೆಲ್ಲ ಸುಟ್ಟಿರುವುದಿಲ್ಲ.

ಇನ್ನೊಬ್ಬ ಸದಸ್ಯರು: ನನ್ನದು ಜೆಪೆಗ್, ಚಿತ್ರ ತಿದ್ದಲು ಗಿಂಪ್ ತಂತ್ರಾಂಶ ಬಳಸುತ್ತೇನೆ. ಕಪ್ಪು-ಬಿಳಿ ತುದಿಗಳನ್ನು ಹೊಂದಿಸುವ ಲೆವೆಲ್ಸ್ ಎಳೆದ ಮೇಲೆ ಹಿಸ್ಟೋಗ್ರಾಂ ಬಾಚಣಿಗೆಯಂತಾಯಿತು. ಹಾಳಾಯಿತೇ?

ಉತ್ತರ: ಜೆಪೆಗ್‌ನಲ್ಲಿ ಒಂದು ವಾಹಿನಿಗೆ 256 ಮೆಟ್ಟಿಲುಗಳು ಮಾತ್ರ, ಹಿಗ್ಗಿಸಿದಾಗ ನಡುವೆ ಖಾಲಿ ಬೀಳುತ್ತವೆ. 14 ಬಿಟ್ ರಾ ಕಡತದಲ್ಲಿ 16,384 ಇರುವುದರಿಂದ ಅದು ಈ ಎಳೆತವನ್ನು ತಾಳುತ್ತದೆ. ಬಾಚಣಿಗೆಯನ್ನು ನೋಡಿ ಹೆದರಬೇಡಿ. ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದು ಆಕಾಶ, ಕೆನ್ನೆಗಳಂಥ ನಯವಾದ ಭಾಗಗಳನ್ನು ನೋಡಿ. ಅಲ್ಲಿ ಪಟ್ಟೆಗಳು ಕಂಡರೆ ಮಾತ್ರ ಲೆವೆಲ್ಸ್ ಸಡಿಲಿಸಿ.