ಮೊದಲ ಮ್ಯಾಚೇ ಸೋತರೆ ಸೀಸನ್ ಮುಗಿದ ಹಾಗಾ? ಟೆಕ್ಸಸ್ ಫುಟ್‌ಬಾಲ್ ನೋಡುವವರ ಅನುಭವ

ಪ್ರಶ್ನೆ, ರೌಂಡ್ ರಾಕ್‌ನಿಂದ (ಸೆಪ್ಟೆಂಬರ್ 2025)

ಮಗ ಈ ವರ್ಷ ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿ ಸೇರಿದ. ಗಣೇಶನ ಹಬ್ಬದ ವಾರ ಅಂತ ಮನೆಗೆ ಬಂದವನು ಶನಿವಾರ, ಆಗಸ್ಟ್ 30ರಂದು, ಓಹಾಯೊ ಸ್ಟೇಟ್ ಯೂನಿವರ್ಸಿಟಿ ಎದುರಿನ ಅಮೆರಿಕನ್ ಫುಟ್‌ಬಾಲ್‌ನ ಮೊದಲ ಮ್ಯಾಚ್ ನೋಡಿದ. ನಮ್ಮವರು 14-7ರಲ್ಲಿ ಸೋತರು. ಅವತ್ತಿಂದ ಮುಖ ಊದಿಸಿಕೊಂಡಿದ್ದಾನೆ. 'ಸೀಸನ್ ಮುಗೀತು ಅಪ್ಪಾ' ಅಂತಾನೆ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಲೆಗೆ ಹತ್ತುವುದಿಲ್ಲ. ಒಂದೇ ಸೋಲಿಗೆ ಇಷ್ಟೊಂದು ಯಾಕೆ? ಅಕ್ಟೋಬರ್ 11ರ ಒಕ್ಲಹೋಮಾ ಮ್ಯಾಚ್‌ಗೆ ಅವನನ್ನು ಡಲ್ಲಾಸ್‌ಗೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೆ. ಈಗಲೂ ಹೋಗುವುದರಲ್ಲಿ ಅರ್ಥ ಇದೆಯಾ? ಅನುಭವ ಇರುವವರು ಹೇಳಿ.

ಸೀಡರ್ ಪಾರ್ಕ್‌ನಿಂದ

ಸರ್, ನಿಮ್ಮ ಮಗ ಸುಮ್ನೆ ಹಟ ಮಾಡುತ್ತಿಲ್ಲ. ಇಲ್ಲಿ ಲೀಗ್ ಅಂದರೆ ಬರೀ 12 ಮ್ಯಾಚ್. ಮೊದಲು ಇಡೀ ದೇಶದಿಂದ ಎರಡೇ ತಂಡ ಫೈನಲ್‌ಗೆ ಹೋಗುತ್ತಿದ್ದವು. 2014ರಿಂದ ನಾಲ್ಕು ತಂಡದ ಪ್ಲೇಆಫ್ ಬಂತು. ಆ ಕಾಲದಲ್ಲಿ ಒಂದು ಸೋಲು ಅಂದರೆ ಕುತ್ತಿಗೆ ಮೇಲೆ ಕತ್ತಿ. 2024ರಿಂದ 12 ತಂಡಗಳಿಗೆ ಜಾಗ ಇದೆ. ಆದರೆ ಅಭಿಮಾನಿಗಳ ಎದೆಬಡಿತ ಇನ್ನೂ ಹಳೇ ಲೆಕ್ಕದಲ್ಲೇ ಇದೆ. ಜೊತೆಗೆ ಪತ್ರಕರ್ತರು ಮತ ಹಾಕಿ ಮಾಡುವ, ಸೀಸನ್‌ಗೆ ಮುಂಚಿನ ಎಪಿ ರ‍್ಯಾಂಕಿಂಗ್ ಪಟ್ಟಿಯಲ್ಲಿ ಟೆಕ್ಸಸ್ ನಂಬರ್ 1 ಆಗಿದ್ದು ಇದೇ ಮೊದಲು. ಹಾಗೆ ನಂಬರ್ 1 ಆಗಿ ಶುರು ಮಾಡಿ ಮೊದಲ ಮ್ಯಾಚೇ ಸೋತವರು 1990ರ ಮಯಾಮಿ ಆದಮೇಲೆ ನಾವೇ ಮೊದಲು. ಹೊಟ್ಟೆ ಉರಿಯದೆ ಇರುತ್ತಾ?

ಈಗ ಮ್ಯಾಚ್ ವಿಷಯ. ಸ್ಕೋರ್ ಒಂದನ್ನೇ ನೋಡಬೇಡಿ. ನಮ್ಮವರು ಒಟ್ಟು 336 ಯಾರ್ಡ್ ಮುಂದೆ ಹೋದರು, ಓಹಾಯೊ ಸ್ಟೇಟ್ 203 ಮಾತ್ರ. ಹೋದ ವರ್ಷದ ಚಾಂಪಿಯನ್ನರನ್ನು ಅವರದೇ ಮೈದಾನದಲ್ಲಿ, ಲಕ್ಷಕ್ಕೂ ಜಾಸ್ತಿ ಜನರ ಮುಂದೆ 14 ಪಾಯಿಂಟ್‌ಗೆ ಕಟ್ಟಿಹಾಕಿದ್ದಾರೆ. ನಮ್ಮ ಡಿಫೆನ್ಸ್ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ.

ಮತ್ತೆ ಸೋತಿದ್ದು ಎಲ್ಲಿ? ಫೋರ್ತ್ ಡೌನ್‌ನಲ್ಲಿ. ಹತ್ತು ಯಾರ್ಡ್ ದಾಟಲು ನಾಲ್ಕು ಅವಕಾಶ ಇರುತ್ತದೆ. ನಾಲ್ಕನೆಯದು ಬಂದರೆ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಡುತ್ತಾರೆ, ಇಲ್ಲವೇ ಫೀಲ್ಡ್ ಗೋಲ್ ಒದ್ದು ಮೂರು ಪಾಯಿಂಟ್ ತಗೊಳ್ಳುತ್ತಾರೆ. ನಮ್ಮ ಕೋಚ್ ಸ್ಟೀವ್ ಸಾರ್ಕಿಸಿಯನ್ ಐದು ಸಲ ನುಗ್ಗಿ ನೋಡಿದರು. ದಕ್ಕಿದ್ದು ಒಂದೇ ಸಲ. ನಾಲ್ಕು ಭಾಗದ ಆಟದ ಮೂರನೇ ಕ್ವಾರ್ಟರ್‌ನಲ್ಲಿ ನಾವು 7-0 ಹಿಂದಿದ್ದಾಗ ಗೋಲ್ ಗೆರೆಯಿಂದ ಒಂದೇ ಯಾರ್ಡ್ ದೂರ. ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವ ಮುಖ್ಯ ಆಟಗಾರ, ಆರ್ಚ್ ಮ್ಯಾನಿಂಗ್ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ತಾನೇ ಗುಂಪಿನೊಳಗೆ ನುಗ್ಗಿದ. ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಯಿತು. ಚೆಂಡು ಗೆರೆ ದಾಟಲೇ ಇಲ್ಲ. ಓಹಾಯೊ ಸ್ಟೇಟ್‌ನ ಮೊದಲ ಟಚ್‌ಡೌನ್ (ಚೆಂಡನ್ನು ಗೆರೆ ದಾಟಿಸುವುದು) ಕೂಡ ಒಂದು ಯಾರ್ಡ್‌ನಿಂದ ಬಂದದ್ದು. ಅವರು ದಾಟಿದರು, ನಾವು ದಾಟಲಿಲ್ಲ. ಅಷ್ಟೇ ವ್ಯತ್ಯಾಸ.

ನನಗೆ ಕೋಪ ಬಂದಿದ್ದು ಇದಕ್ಕೇ. ಹೋದ ಸೀಸನ್‌ನ ಪ್ಲೇಆಫ್‌ನಲ್ಲಿ, ಜನವರಿ 10ರ ಕಾಟನ್ ಬೌಲ್ ಸೆಮಿಫೈನಲ್‌ನಲ್ಲೂ ಇದೇ ಓಹಾಯೊ ಸ್ಟೇಟ್ ಎದುರು ಒಂದು ಯಾರ್ಡ್ ದೂರಕ್ಕೆ ಹೋಗಿ ಎಡವಿದ್ದೆವು. ಅಂಚಿನ ಕಡೆ ಓಡುವವನಿಗೆ ಚೆಂಡು ತೂರಿ ಇನ್ನೂ ಹಿಂದಕ್ಕೆ ಬಂದೆವು. ಆಮೇಲೆ ಅವರ ಜ್ಯಾಕ್ ಸಾಯರ್ ಚೆಂಡು ಕಿತ್ತುಕೊಂಡು 83 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. 28-14ರಲ್ಲಿ ಸೋಲು. ಅಂದರೆ ಇದು ಒಂದು ಕೆಟ್ಟ ದಿನ ಅಲ್ಲ, ಹಳೇ ಕಾಯಿಲೆ. ಏಳು ತಿಂಗಳು ಟೈಮ್ ಇತ್ತು, ಮದ್ದು ಹುಡುಕಲಿಲ್ಲ.

ಆರ್ಚ್ ವಿಷಯಕ್ಕೆ ಬಂದರೆ, ಹುಡುಗನನ್ನು ಬೈಯುವವರು ಸ್ವಲ್ಪ ತಡೆದುಕೊಳ್ಳಲಿ. ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳಾದ ಪೇಟನ್ ಮತ್ತು ಈಲೈ ಮ್ಯಾನಿಂಗ್‌ಗೆ ಅಣ್ಣನ ಮಗ ಅಂದ ಮಾತ್ರಕ್ಕೆ ಹುಟ್ಟುತ್ತಲೇ ಎಲ್ಲ ಬರುತ್ತಾ? ಶುರುವಿನಿಂದ ಆಡಿದ ಮೂರನೇ ಮ್ಯಾಚ್ ಇದು, ಹೊರಗಿನ ಮೈದಾನದಲ್ಲಿ ಮೊದಲನೆಯದು. 30ಕ್ಕೆ 17 ಪಾಸ್, 170 ಯಾರ್ಡ್, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಶನ್ (ಎದುರಾಳಿ ಹಿಡಿದ ಪಾಸ್). ಹಾಗಂತ ಚೆನ್ನಾಗಿ ಆಡಿದ ಅಂತಲೂ ಹೇಳಲಾರೆ. ಆ ಯಾರ್ಡ್‌ಗಳಲ್ಲಿ ಬಹುಪಾಲು ನಾಲ್ಕನೇ ಕ್ವಾರ್ಟರ್‌ನಲ್ಲಿ ಬಂದವು. ಅದಕ್ಕೆ ಮುಂಚೆ ಕಾಲು ನೆಲಕ್ಕೆ ಊರದೆ ಎಸೆಯುತ್ತಿದ್ದ, ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಇದು ತಿದ್ದಿಕೊಳ್ಳಬಹುದಾದ ದೋಷ. ಗೆರೆ ಹತ್ತಿರ ನುಗ್ಗಲು ಆಗದ ಮುಂಚೂಣಿ ಸಾಲು ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ.

ಮಗನಿಗೆ ಇಷ್ಟು ಹೇಳಿ. ಮುಂದಿನ ಮೂರು ಮ್ಯಾಚ್ ನಮ್ಮ ಮೈದಾನದಲ್ಲೇ: ಸ್ಯಾನ್ ಹೋಸೆ ಸ್ಟೇಟ್, ಯುಟೆಪ್, ಸ್ಯಾಮ್ ಹ್ಯೂಸ್ಟನ್. ಅಲ್ಲಿ 50 ಪಾಯಿಂಟ್ ಹೊಡೆದರೂ ಕುಣಿಯಬೇಡ. ಅಕ್ಟೋಬರ್ 4ಕ್ಕೆ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಗುತ್ತೇವೆ. ಅವತ್ತು ಆರ್ಚ್‌ಗೆ ಚೆಂಡು ಎಸೆಯಲು ಎಷ್ಟು ಹೊತ್ತು ಸಿಗುತ್ತದೆ ನೋಡು. ನಿಜವಾದ ಪರೀಕ್ಷೆ ಅದು.

ಬೆಂಗಳೂರಿನಿಂದ

ಐಪಿಎಲ್‌ನಲ್ಲಿ ಮುಂಬೈನವರನ್ನು ನೋಡಿ. 2013ರಿಂದ ಈ ವರ್ಷದವರೆಗೂ ಮೊದಲ ಮ್ಯಾಚ್ ಸೋಲುತ್ತಲೇ ಬಂದಿದ್ದಾರೆ. ಅದರ ನಡುವೆಯೇ ಐದು ಕಪ್. ನಮ್ಮ ಆರ್‌ಸಿಬಿಗೆ ಒಂದು ಕಪ್ ಸಿಗಲು 2025 ಬರಬೇಕಾಯಿತು, ಅದು ಬೇರೆ ಮಾತು.

ಸೀಡರ್ ಪಾರ್ಕ್‌ನಿಂದ ಮತ್ತೆ

ಒಳ್ಳೇ ಉದಾಹರಣೆ, ಆದರೆ ಪೂರ್ತಿ ಹೊಂದುವುದಿಲ್ಲ. ಐಪಿಎಲ್‌ನಲ್ಲಿ ಪಾಯಿಂಟ್ಸ್ ಟೇಬಲ್ ಇದೆ, ಮೊದಲ ನಾಲ್ಕರಲ್ಲಿ ಬಂದರೆ ಯಾರೂ ತಡೆಯಲ್ಲ. ಇಲ್ಲಿ ಒಂದು ಸಮಿತಿ ಕೂತು ಯಾರನ್ನು ಸೇರಿಸಬೇಕು ಅಂತ ತೀರ್ಮಾನ ಮಾಡುತ್ತದೆ. ಎಷ್ಟು ಸೋತಿರಿ ಅನ್ನುವುದರ ಜೊತೆಗೆ ಯಾರ ಹತ್ತಿರ ಸೋತಿರಿ ಅಂತಲೂ ನೋಡುತ್ತಾರೆ.

ಡಲ್ಲಾಸ್‌ನಿಂದ

ನಾನು ಹೇಳುವುದು ನಮ್ಮದೇ ಎರಡು ವರ್ಷದ ಕಥೆ. 2017ರಲ್ಲಿ ಟಾಮ್ ಹರ್ಮನ್ ಕೋಚ್ ಆಗಿ ಬಂದರು. ಮೊದಲ ಮ್ಯಾಚ್ ಆಸ್ಟಿನ್‌ನಲ್ಲೇ, ಮೇರಿಲ್ಯಾಂಡ್ ಎದುರು 51-41ರಲ್ಲಿ ಸೋಲು. 2018ರಲ್ಲಿ ಮತ್ತೆ ಮೊದಲ ಮ್ಯಾಚ್, ಮತ್ತೆ ಮೇರಿಲ್ಯಾಂಡ್, ಮತ್ತೆ ಸೋಲು. 34-29. ಮಧ್ಯೆ ಮಳೆ ಸಿಡಿಲು ಅಂತ ಆಟ ಬೇರೆ ನಿಂತಿತ್ತು. ಆ ಸಂಜೆ ನಮ್ಮ ಮನೆಯಲ್ಲಿ ಸೇರಿದ್ದವರೆಲ್ಲ ಚಿತ್ರಾನ್ನದ ತಟ್ಟೆ ಮುಂದೆ ಹಾಗೇ ಕೂತಿದ್ದರು. ಇಬ್ಬರು ಟಿಕೆಟ್ ಮಾರಿಬಿಟ್ಟರು.

2017ರ ತಂಡ 7-6ರಲ್ಲಿ, ಅಂದರೆ ಏಳು ಗೆಲುವು ಆರು ಸೋಲಿನಲ್ಲಿ, ಸೀಸನ್ ಮುಗಿಸಿತು. 2018ರವರು ಮೂರನೇ ಮ್ಯಾಚ್‌ನಲ್ಲಿ ಯುಎಸ್‌ಸಿಯನ್ನು 37-14ರಲ್ಲಿ ಬಡಿದರು, ಡಲ್ಲಾಸ್‌ನಲ್ಲಿ ಒಕ್ಲಹೋಮಾವನ್ನು 48-45ರಲ್ಲಿ ಸೋಲಿಸಿದರು, ಕೊನೆಗೆ ಸೀಸನ್ ಮುಗಿದ ಮೇಲಿನ ದೊಡ್ಡ ಮ್ಯಾಚ್ ಶುಗರ್ ಬೌಲ್‌ನಲ್ಲಿ ಜಾರ್ಜಿಯಾವನ್ನೂ ಮಣಿಸಿದರು. ಒಟ್ಟು 10-4. ಎದುರಾಳಿ ಒಂದೇ, ಮೊದಲ ಸೋಲೂ ಹೆಚ್ಚುಕಡಿಮೆ ಒಂದೇ. ಟಿಕೆಟ್ ಮಾರಿದವರ ಮುಖ ನೋಡಬೇಕಿತ್ತು.

ಒಕ್ಲಹೋಮಾ ಮ್ಯಾಚ್‌ಗೆ ಕಣ್ಣು ಮುಚ್ಚಿಕೊಂಡು ಬನ್ನಿ ಸರ್. ತಂಡ ಹೇಗೇ ಆಡಲಿ. ಕಾಟನ್ ಬೌಲ್ ಸ್ಟೇಡಿಯಂ ಇರುವುದು ಸ್ಟೇಟ್ ಫೇರ್ ಜಾತ್ರೆಯ ಒಳಗೇ. ಸ್ಟೇಡಿಯಂ ಸರಿಯಾಗಿ ಅರ್ಧಕ್ಕೆ ಸೀಳಿದ ಹಾಗೆ ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಕೆಂಪು. ಬೆಳಿಗ್ಗೆ ಬೇಗ ಬಿಡಿ, ಪಾರ್ಕಿಂಗ್‌ಗೆ ಒದ್ದಾಡುವ ಬದಲು ರೈಲಿನಲ್ಲಿ ಬಂದು ಫೇರ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿಯಿರಿ. ಜಾತ್ರೆಯ ಕಾರ್ನ್ ಡಾಗ್ (ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜ್) ನಿಮಗೆ ಆಗುವುದಿಲ್ಲ, ಮಗನಿಗೆ ಕೊಡಿಸಿ.

ಆ್ಯನ್ ಆರ್ಬರ್‌ನಿಂದ

ನಿಮ್ಮದು ಚಾಂಪಿಯನ್ನರ ಎದುರಿನ ಸೋಲು. ನಮ್ಮ ಮಿಶಿಗನ್ 2007ರಲ್ಲಿ ಐದನೇ ರ‍್ಯಾಂಕ್ ಇಟ್ಟುಕೊಂಡು ಆ್ಯಪಲೇಶಿಯನ್ ಸ್ಟೇಟ್ ಅನ್ನುವ ಕೆಳ ದರ್ಜೆಯ ತಂಡವನ್ನು ದುಡ್ಡು ಕೊಟ್ಟು ಕರೆಸಿ, ಮನೆಯಲ್ಲೇ 34-32ರಲ್ಲಿ ಸೋತಿತು. ಕೊನೇ ಗಳಿಗೆಯ ಫೀಲ್ಡ್ ಗೋಲ್ ಒದೆತವನ್ನು ಅವರು ಕೈಯಿಂದಲೇ ತಡೆದರು. ಮುಂದಿನ ವಾರ ಆರೆಗನ್ ಎದುರು 39-7ರಲ್ಲಿ ಮತ್ತೆ ಸೋಲು. ಅದಾದ ಮೇಲೆ ಸಾಲಾಗಿ ಎಂಟು ಗೆಲುವು! ಕೊನೆಗೆ 9-4. ಆದರೂ ಇವತ್ತಿಗೂ ಆಫೀಸಿನಲ್ಲಿ ಓಹಾಯೊ ಕಡೆಯವರು ಅದೊಂದನ್ನೇ ಎತ್ತಿ ಆಡುತ್ತಾರೆ.

ಸೀಡರ್ ಪಾರ್ಕ್‌ನಿಂದ, ಡಿಸೆಂಬರ್ ಮಧ್ಯದಲ್ಲಿ

ಇಬ್ಬರು ಮತ್ತೆ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಫ್ಲಾರಿಡಾದಲ್ಲಿ 29-21ರಲ್ಲಿ ಸೋತೆವು. ಆರ್ಚ್‌ನನ್ನು ಆರು ಸಲ ಚೆಂಡಿನ ಸಮೇತ ಕೆಡವಿದರು. ಮುಂದಿನ ವಾರ ಡಲ್ಲಾಸ್‌ನಲ್ಲಿ ಒಕ್ಲಹೋಮಾವನ್ನು 23-6ರಲ್ಲಿ ಗೆದ್ದೆವು, ಅಪ್ಪ ಮಗ ಹೋಗಿದ್ದರೆ ಲಾಭವೇ. ಜಾರ್ಜಿಯಾ ಎದುರು 35-10ರಲ್ಲಿ ಮಣ್ಣು ಮುಕ್ಕಿದೆವು. ಕೊನೆಗೆ ಅಲ್ಲಿಯವರೆಗೂ ಸೋಲದ ಟೆಕ್ಸಸ್ ಎ ಅಂಡ್ ಎಂ ಅನ್ನು 27-17ರಲ್ಲಿ ಸೋಲಿಸಿ 9-3ರಲ್ಲಿ ಲೀಗ್ ಮುಗಿಸಿದೆವು. ಪ್ಲೇಆಫ್ ಸಿಗಲಿಲ್ಲ.

ಓಹಾಯೊಗೆ ಹೋಗದೆ ಯಾವುದೋ ಸಣ್ಣ ತಂಡವನ್ನು ಕರೆಸಿದ್ದರೆ 10-2 ಆಗಿ ಒಳಗಿರುತ್ತಿದ್ದೆವು ಅಂತ ಕೋಚ್ ವಾದ. ನಮ್ಮ ಗುಂಪಿನಲ್ಲೂ ಜಾಸ್ತಿ ಜನ ಅದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಆಗಸ್ಟ್ 30ಕ್ಕೆ ಅಲಬಾಮಾ ಕೂಡ ಫ್ಲಾರಿಡಾ ಸ್ಟೇಟ್ ಎದುರು 31-17ರಲ್ಲಿ ಸೋತಿತ್ತು. ಆ ಫ್ಲಾರಿಡಾ ಸ್ಟೇಟ್ ಕೊನೆಗೆ 5-7. ಆದರೂ ಅಲಬಾಮಾಗೆ ಪ್ಲೇಆಫ್ ಸಿಕ್ಕಿತು. ನಮ್ಮನ್ನು ಮುಳುಗಿಸಿದ್ದು ಗೇನ್ಸ್‌ವಿಲ್. ಫ್ಲಾರಿಡಾ ಈ ವರ್ಷ ಗೆದ್ದಿದ್ದೇ ನಾಲ್ಕು ಮ್ಯಾಚ್, ಅದರಲ್ಲಿ ಒಂದು ನಾವು ಕೊಟ್ಟಿದ್ದು.

2026ರ ಸೆಪ್ಟೆಂಬರ್ 12ಕ್ಕೆ ಓಹಾಯೊ ಸ್ಟೇಟ್ ಆಸ್ಟಿನ್‌ಗೆ ಬರುತ್ತದೆ. ವಿದ್ಯಾರ್ಥಿಗಳ ಟಿಕೆಟ್ ಪ್ಯಾಕೇಜ್ ಮಾರಾಟ ಶುರುವಾದ ದಿನವೇ ತಗೊಳ್ಳಲು ಮಗನಿಗೆ ಹೇಳಿ ಸರ್, ಆಮೇಲೆ ಕೈಗೆ ಸಿಗಲ್ಲ.