ಆಕ್ಸಿಜನ್ ಲೆಕ್ಕದಲ್ಲಿ ಮಾತ್ರ ಉತ್ತರ ಎರಡು ಪಟ್ಟು ಬರುತ್ತಿದೆ, ಎಲ್ಲಿ ತಪ್ಪುತ್ತಿದೆ?

ಹಾವೇರಿಯ ತಾಯಿ:
ನಮಸ್ಕಾರ. ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಭಾಗಾಕಾರದಲ್ಲಿ ಎಡವುವವಳಲ್ಲ. ಆದರೂ ಮೋಲ್ ಲೆಕ್ಕಗಳಲ್ಲಿ (ಗ್ರಾಂ ತೂಕವನ್ನು ಆ ವಸ್ತುವಿನ ರಾಶಿ ಸಂಖ್ಯೆಯಿಂದ ಭಾಗಿಸುವುದಂತೆ) ಕೆಲವು ಮಾತ್ರ ಪುಸ್ತಕದ ಉತ್ತರಕ್ಕೆ ಹೊಂದುವುದಿಲ್ಲ. ನಿನ್ನೆ ರಾತ್ರಿ ನೋಟ್‌ಬುಕ್ ಮುಚ್ಚಿಟ್ಟು, "ನನಗೆ ವಿಜ್ಞಾನ ಬರುವುದಿಲ್ಲ" ಎಂದು ಮಲಗಿಬಿಟ್ಟಳು. ನಾನು ಕಲಾ ವಿಭಾಗದಲ್ಲಿ ಓದಿದವಳು, ಹೇಳಿಕೊಡಲು ಆಗುತ್ತಿಲ್ಲ.

ಧಾರವಾಡದ ನಿವೃತ್ತ ಶಿಕ್ಷಕ:
ತಂಗಿ, ತಪ್ಪಿದ ಲೆಕ್ಕಗಳ ಜೊತೆಗೆ ಸರಿ ಬಂದವುಗಳನ್ನೂ ಬರೆದು ಹಾಕಿ. ಸುಳಿವು ಅಲ್ಲೇ ಇರುತ್ತದೆ.

ಹಾವೇರಿಯ ತಾಯಿ:
ಸರಿ ಬಂದವು: 36 ಗ್ರಾಂ ನೀರು 2 ಮೋಲ್, 48 ಗ್ರಾಂ ಮೆಗ್ನೀಸಿಯಂ 2 ಮೋಲ್.
ತಪ್ಪಿದವು: 64 ಗ್ರಾಂ ಆಕ್ಸಿಜನ್ ಅನಿಲಕ್ಕೆ 4 ಮೋಲ್ ಬರೆದಿದ್ದಾಳೆ, ಪುಸ್ತಕದಲ್ಲಿ 2 ಇದೆ. 28 ಗ್ರಾಂ ನೈಟ್ರೋಜನ್ ಅನಿಲಕ್ಕೆ 2 ಬರೆದಿದ್ದಾಳೆ, ಪುಸ್ತಕದಲ್ಲಿ 1.

ಧಾರವಾಡದ ನಿವೃತ್ತ ಶಿಕ್ಷಕ:
ಸಿಕ್ಕಿತು. ತಪ್ಪಿದವೆಲ್ಲ ಅನಿಲಗಳು, ಎಲ್ಲವೂ ಸರಿಯಾಗಿ ಎರಡು ಪಟ್ಟು. ಹಾಗಾದರೆ ಭಾಗಾಕಾರ ತಪ್ಪಿಲ್ಲ, ಭಾಗಿಸಿದ ಸಂಖ್ಯೆ ತಪ್ಪಾಗಿದೆ. ಅವಳು 16ರಿಂದ ಭಾಗಿಸಿದ್ದಾಳೆ. 16 ಆಕ್ಸಿಜನ್ನಿನ ಪರಮಾಣು ರಾಶಿ. ಆದರೆ ಗಾಳಿಯಲ್ಲಿರುವ ಆಕ್ಸಿಜನ್ ಒಂಟಿಯಾಗಿರುವುದಿಲ್ಲ, ಎರಡೆರಡು ಪರಮಾಣು ಕೂಡಿ ಒಂದು ಅಣುವಾಗಿರುತ್ತದೆ. ಅಣು ರಾಶಿ 32. 64ನ್ನು 32ರಿಂದ ಭಾಗಿಸಲು ಹೇಳಿ.

ಹೀಗೆ ಜೋಡಿಯಾಗಿ ಇರುವ ಧಾತುಗಳು ಏಳು. ಅವುಗಳ ಅಣು ರಾಶಿ: ಹೈಡ್ರೋಜನ್ 2, ನೈಟ್ರೋಜನ್ 28, ಆಕ್ಸಿಜನ್ 32, ಫ್ಲೋರಿನ್ 38, ಕ್ಲೋರಿನ್ 71, ಬ್ರೋಮಿನ್ 160, ಅಯೋಡಿನ್ 254. ಹೀಲಿಯಂ, ನಿಯಾನ್ ಕೂಡ ಅನಿಲಗಳೇ, ಆದರೆ ಅವು ಒಂಟಿ. ಆದ್ದರಿಂದ "ಅನಿಲವೆಂದರೆ ಎರಡು ಪಟ್ಟು" ಎಂದು ಕಲಿಸಬೇಡಿ.

ಹುಬ್ಬಳ್ಳಿಯಿಂದ, ವೆಲ್ಡಿಂಗ್ ಕೆಲಸದವನು:
ಈ 32 ನಮ್ಮ ತಕ್ಕಡಿಯಲ್ಲೂ ಕಾಣುತ್ತದೆ, ಮಗಳಿಗೆ ಹೇಳಿ. ಗೋಕುಲ ರಸ್ತೆಯ ಶೆಡ್ಡಿನಲ್ಲಿ ನಾವು ಬಳಸುವ ಕಪ್ಪು ಸಿಲಿಂಡರಿನಲ್ಲಿ 7 ಘನ ಮೀಟರ್, ಎಂದರೆ 7,000 ಲೀಟರ್ ಆಕ್ಸಿಜನ್ ಇರುತ್ತದೆ. ಒಂದು ಮೋಲ್‌ಗೆ 22.4 ಲೀಟರ್ ಹಿಡಿದರೆ ಸುಮಾರು 312 ಮೋಲ್. 32ರಿಂದ ಗುಣಿಸಿದರೆ 10 ಕೆಜಿ, 16ರಿಂದ ಗುಣಿಸಿದರೆ 5. ತುಂಬಿದ್ದನ್ನೂ ಖಾಲಿಯಾದದ್ದನ್ನೂ ತೂಗಿದರೆ ಒಂಬತ್ತು ಕೆಜಿಗಿಂತ ಹೆಚ್ಚೇ ವ್ಯತ್ಯಾಸ ಬರುತ್ತದೆ. 22.4 ಎನ್ನುವುದು ಸೊನ್ನೆ ಡಿಗ್ರಿಯ ಲೆಕ್ಕ, ಅದಕ್ಕೇ ಪೂರ್ತಿ ಹತ್ತು ಬರುವುದಿಲ್ಲ. ಆದರೆ ಐದಂತೂ ಎಂದೂ ಬರುವುದಿಲ್ಲ.

ಹಾವೇರಿಯ ತಾಯಿ:
ಆಕ್ಸಿಜನ್, ನೈಟ್ರೋಜನ್ ಎರಡೂ ಸರಿ ಹೋದವು! ಆದರೆ ಈಗ ಅಡುಗೆ ಉಪ್ಪಿಗೆ 94 ಬರೆದಿದ್ದಾಳೆ. ಸೋಡಿಯಂ 23, ಕ್ಲೋರಿನ್ ಜೋಡಿ 71 ಎನ್ನುತ್ತಾಳೆ. ಪುಸ್ತಕದಲ್ಲಿ 58.5.

ಧಾರವಾಡದ ನಿವೃತ್ತ ಶಿಕ್ಷಕ:
ಹೊಸದಾಗಿ ಕಲಿತ ಮಕ್ಕಳೆಲ್ಲ ಇಲ್ಲಿಗೆ ಬಂದೇ ಬರುತ್ತಾರೆ, ಬೈಯಬೇಡಿ. ಕ್ಲೋರಿನ್ ತನ್ನಷ್ಟಕ್ಕೆ ಇದ್ದಾಗ ಮಾತ್ರ ಜೋಡಿ. ಉಪ್ಪಿನಲ್ಲಿ ಆ ಜೋಡಿ ಬಿಟ್ಟು ಸೋಡಿಯಂ ಜೊತೆ ಸೇರಿರುತ್ತದೆ, ಆದ್ದರಿಂದ 23 ಮತ್ತು 35.5 ಮಾತ್ರ. ಹೆಸರು ನೋಡಿ ಲೆಕ್ಕ ಹಾಕಬಾರದು, ಸೂತ್ರ ಬರೆದು, ಅಕ್ಷರದ ಬುಡದಲ್ಲಿ ಸಣ್ಣ 2 ಇದೆಯೇ ಎಂದು ನೋಡಬೇಕು. ನೀರಿನ ಸೂತ್ರದಲ್ಲಿ ಆ 2 ಹೈಡ್ರೋಜನ್ನಿನ ಬುಡದಲ್ಲಿದೆ, ಆಕ್ಸಿಜನ್ನಿಗೆ ಇಲ್ಲ. 2 ಮತ್ತು 16 ಸೇರಿ 18. ಅದಕ್ಕೇ ಅವಳ ನೀರಿನ ಲೆಕ್ಕ ಮೊದಲಿನಿಂದಲೂ ಸರಿ ಇತ್ತು.

ಅನುಮಾನ ಬಂದರೆ ಸಮೀಕರಣದ ಎರಡೂ ಬದಿ ಕೂಡಿಸಲಿ. ಹೈಡ್ರೋಜನ್ನಿನ ಎರಡು ಅಣು 4, ಆಕ್ಸಿಜನ್ನಿನ ಒಂದು ಅಣು 32, ಒಟ್ಟು 36. ಆ ಕಡೆ ನೀರಿನ ಎರಡು ಅಣು, 36. ಆಕ್ಸಿಜನ್ನಿಗೆ 16 ಹಾಕಿದ್ದರೆ ಈ ಕಡೆ 20 ಮಾತ್ರ ಆಗುತ್ತಿತ್ತು.

ಹಾವೇರಿಯ ತಾಯಿ:
ಅಮೋನಿಯಾದ ಸಮೀಕರಣವನ್ನು ಅವಳೇ ಕೂಡಿಸಿ ನೋಡಿದಳು. ನೈಟ್ರೋಜನ್ನಿನ ಒಂದು ಅಣು 28, ಹೈಡ್ರೋಜನ್ನಿನ ಮೂರು ಅಣು 6, ಸೇರಿ 34. ಆ ಕಡೆ ಅಮೋನಿಯಾದ ಎರಡು ಅಣು, 17ರ ಎರಡು ಪಟ್ಟು. ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಾಳೆ. ಈಗ ಅವಳದೇ ಪ್ರಶ್ನೆ: ಕ್ಲೋರಿನ್ 35.5 ಎಂದರೆ ಅರ್ಧ ಎಲ್ಲಿಂದ ಬಂತು?

ಧಾರವಾಡದ ನಿವೃತ್ತ ಶಿಕ್ಷಕ:
ಬಹಳ ಒಳ್ಳೆಯ ಪ್ರಶ್ನೆ. ಕ್ಲೋರಿನ್ ಪರಮಾಣುಗಳಲ್ಲಿ ಎರಡು ಬಗೆ, 35 ಮತ್ತು 37. ಸರಿಸುಮಾರು ನಾಲ್ಕರಲ್ಲಿ ಮೂರು 35ರವು, ಒಂದು 37ರದು. ಮೂರು 35, ಒಂದು 37 ಕೂಡಿಸಿ ನಾಲ್ಕರಿಂದ ಭಾಗಿಸಲಿ. ಆಮೇಲೆ ಜೋಡಿ ಮಾಡಿದರೆ ಎಷ್ಟು ಬಗೆಯ ಅಣುಗಳು ಆಗುತ್ತವೆ, ಅವುಗಳಲ್ಲಿ ಒಂದಾದರೂ 71 ಇದೆಯೇ ಎಂದು ಹುಡುಕಿ ನನಗೆ ಬರೆಯಲಿ.